ಕೂತವನಿಗೆ ಹೇಳಬೇಕಾದ ಮಾತು

“ಸತ್ತವನಿಗಾದ್ರೂ ಮರ್ಯಾದೆ ಗೊತ್ತು, ಬಾಯಿ ಮುಚ್ಕೊಂಡು ನಿಂತಿದ್ದಾನೆ. ನಿನಗೆ ಅದೂ ಇಲ್ವಲ್ಲೋ!” ಎಂದರು ಡಾಕ್ಟರ್ ಸೋಮಶೇಖರಯ್ಯ, ಸರ್ಕಾರಿ ಆಸ್ಪತ್ರೆಯ ಪಡಸಾಲೆಯಲ್ಲಿ ಚೀಟಿ ಹಿಡಿದು ನಿಂತಿದ್ದ ಅಷ್ಟೂ ಜನ ಕೇಳುವ ಹಾಗೆ. “ಎಂಟನೇ ಕ್ಲಾಸು ದಾಟದವನು ನನಗೆ ಹೆಣ ಕುಯ್ಯೋದು ಹೇಳ್ಕೊಡ್ತೀಯ? ಲಾರಿಗೆ ತಗಡು ಬಡಿಯೋನು ತಗಡು ಬಡಿ, ಹೋಗು. ಮನುಷ್ಯರ ಮೈ ನನಗೆ ಬಿಡು.”

ಜನ ನಕ್ಕರು. ಮಗುವಿನ ಕೆಮ್ಮಿಗೆ ಔಷಧಿ ಕೇಳಲು ಬಂದಿದ್ದ ಹೆಂಗಸು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡಿದ್ದ ಮುದುಕ ಕೋಲು ಕುಟ್ಟಿ ನಕ್ಕ. ನಾನು ಅಣ್ಣನ ಕೈ ಹಿಡಿದುಕೊಂಡು ನಿಂತಿದ್ದೆ. ಅಣ್ಣ ತಿಪ್ಪೇಶ ಸತ್ತು ಒಂದು ಮಳೆಗಾಲ ಕಳೆದಿತ್ತು. ಅವನು ಗೋಡೆಯ ಮೇಲಿದ್ದ ಪೋಲಿಯೋ ಹನಿಯ ಚಿತ್ರ ನೋಡುತ್ತಿದ್ದ, ಇಲ್ಲವೇ ಅವನ ಕಣ್ಣು ಆ ಕಡೆಗೆ ಇತ್ತು. ನಾನು ಕೇಳಿದ್ದು ಇಷ್ಟೇ: “ಸಾರ್, ಎದೆ ತೆಗೆದು ನೋಡಿ. ನೀವು ತಲೆ ಮಾತ್ರ ನೋಡಿದ್ದೀರ.” ಅಷ್ಟನ್ನು ಕೇಳುವುದಕ್ಕೆ ಬೆಳಿಗ್ಗೆಯಿಂದ ಸಾಲಿನಲ್ಲಿ ನಿಂತಿದ್ದೆವು. ಚೀಟಿ ಕೊಡುವವನು, “ಕೂತವರಾದ್ರೂ ಸಾಲಲ್ಲೇ ಬರ್ಬೇಕು, ಅವರಿಗೇನು ಅರ್ಜೆಂಟು?” ಎಂದಿದ್ದ. ನನ್ನ ಒಂದು ಕೈ ಮುಷ್ಟಿ ಕಟ್ಟಿತ್ತು. ಇನ್ನೊಂದು ಕೈಯಲ್ಲಿ ಅಣ್ಣನ ಕೈ ಇಲ್ಲದೇ ಹೋಗಿದ್ದರೆ ಅವತ್ತು ಏನಾಗುತ್ತಿತ್ತೋ ಹೇಳಲಾರೆ.

ನಮ್ಮೂರಲ್ಲಿ ಕಾಯಿಲೆ ಬಿದ್ದು, ಹಾಸಿಗೆ ಹಿಡಿದು ಸತ್ತವರದು ಬೇರೆ ಮಾತು. ತಾವು ಯಾಕೆ ಸತ್ತೆವು ಎಂದು ಅವರಿಗೆ ಗೊತ್ತಿರುತ್ತದೆ, ಹೊತ್ತುಕೊಂಡು ಹೋದರೆ ಮುಗಿಯಿತು. ದಿಢೀರನೆ ಸತ್ತವರು ಹಾಗಲ್ಲ. ಅವರನ್ನು ಆಸ್ಪತ್ರೆಯ ಹಿಂದಿನ ಕೋಣೆಗೆ ಒಯ್ಯಬೇಕು, ಡಾಕ್ಟರು ಮೈ ನೋಡಿ, ಕಿವಿಯ ಹತ್ತಿರ ಬಾಗಿ ಕಾರಣ ಹೇಳಬೇಕು. ಹೇಳಿದ ಮೇಲೆ ಅವರು ಎದ್ದು ತಾವಾಗಿಯೇ ಮಸಣದ ದಾರಿ ಹಿಡಿಯುತ್ತಾರೆ. ಕಾರಣ ಸರಿಯಾಗಿದ್ದರೆ ಅಲ್ಲಿಗೆ ಮುಗಿಯಿತು. ತಪ್ಪಾಗಿದ್ದರೆ ವಾಪಸ್ ಬರುತ್ತಾರೆ. ಬದುಕಿದ್ದಾಗ ಎಲ್ಲಿ ಹೆಚ್ಚು ಹೊತ್ತು ಕೂರುತ್ತಿದ್ದರೋ ಅಲ್ಲಿಯೇ ಬಂದು ಕೂರುತ್ತಾರೆ.

ಅಂಥವರನ್ನು ಕೂತವರು ಎನ್ನುತ್ತೇವೆ. ಕ್ಷೌರದ ಅಂಗಡಿಯ ಬೆಂಚಿನ ತುದಿಯಲ್ಲಿ ಹಳೆಯ ಯಜಮಾನ ಕೂತಿದ್ದಾನೆ. ಗಿರಾಕಿಗಳು ರೂಢಿಗೆ “ಸ್ವಲ್ಪ ಸರೀರಿ” ಎಂದು ಹೇಳಿ, ಅವನು ಸರಿಯದಿದ್ದಾಗ ಉಳಿದ ಜಾಗದಲ್ಲಿ ಒತ್ತಿಕೊಂಡು ಕೂರುತ್ತಾರೆ. ಕೆಲವು ಮನೆಗಳಲ್ಲಿ ಒದ್ದೆ ಟವೆಲನ್ನು ಕೂತವರ ಹೆಗಲ ಮೇಲೆಯೇ ಒಣಹಾಕುತ್ತಾರೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟಿಗೆ ಕೈ ಹಾಕುವ ಮುಂಚೆ ಒಳಗೆಲ್ಲ ಕಣ್ಣಾಡಿಸಿ, “ನಿಮ್ಮಲ್ಲಿ ಯಾರಾದ್ರೂ ಕೂತಿದ್ದಾರಾ?” ಎಂದು ಕೇಳುತ್ತಾರೆ. ಮನೆಯವರು ಕೈ ಹಿಡಿದರೆ ಎದ್ದು ಬರುತ್ತಾರೆ, ಬಿಟ್ಟರೆ ಮತ್ತೆ ಅಲ್ಲಿಗೇ. ಕೂತವರಿಗೆ ಹಸಿವಿಲ್ಲ, ಮಾತಿಲ್ಲ, ವಾಸನೆಯಿಲ್ಲ. ಜಾಗ ಮಾತ್ರ ಬೇಕು. ನಮ್ಮ ಕೇರಿಯ ಮನೆಗಳಲ್ಲಿ ಇಲ್ಲದ್ದು ಅದೊಂದೇ.

ಸೋಮಶೇಖರಯ್ಯ ಈ ಊರಿಗೆ ಬಂದ ಮೇಲೆ ಕೂತವರು ಹೆಚ್ಚಾದರು. ಅದು ಎಲ್ಲರಿಗೂ ಗೊತ್ತು. ಯಾರೂ ಬಾಯಿ ಬಿಡುವುದಿಲ್ಲ. ನಾಳೆ ಜ್ವರ ಬಂದರೆ ಅವರ ಹತ್ತಿರವೇ ಹೋಗಬೇಕಲ್ಲ. “ಎಲ್ಲರ ಮನೇಲೂ ಇದ್ದದ್ದೇ ಬಿಡಪ್ಪ” ಎನ್ನುತ್ತಾರೆ. ಈ ‘ಬಿಡಪ್ಪ’ ಕೇಳಿ ಕೇಳಿ ನನ್ನ ತಲೆಯೊಳಗೆ ಯಾರೋ ತಗಡು ಬಡಿದ ಹಾಗಾಗುತ್ತಿತ್ತು.

ಅಣ್ಣ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಿದ್ದ. ಕಾದ ಮರಳಿನಲ್ಲಿ ಅಕ್ಕಿ ಅರಳಿಸುವುದು, ಜರಡಿ ಹಿಡಿಯುವುದು, ಚೀಲ ಕಟ್ಟಿ ಅಟ್ಟಕ್ಕೆ ಏರಿಸುವುದು. ಅವತ್ತು ಏಣಿಯ ಮೇಲಿದ್ದವನು ಚೀಲದ ಸಮೇತ ಕೆಳಗೆ ಬಿದ್ದ. ಹಿಂದಲೆ ಒಡೆದಿತ್ತು. ಡಾಕ್ಟರು ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡರು, ನಾವು ಹೊರಗೆ ಸರಿಯಾಗಿ ಕೂರುವ ಮುಂಚೆಯೇ ತೆಗೆದರು. ಅಣ್ಣನ ಕಿವಿಗೆ ಬಾಗಿ, “ಏಣಿಯಿಂದ ಬಿದ್ದೆ. ತಲೆಗೆ ಪೆಟ್ಟಾಯ್ತು. ಹೋದೆ” ಎಂದರು. ಅಣ್ಣ ಎದ್ದು ಹೊರಟ. ನಾವು ಕೇರಿಯ ತಿರುವಿನವರೆಗೆ ಹೋಗಿ, ಕೈ ಮುಗಿದು, ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡೆವು. ಹೆಂಗಸರು ಅತ್ತಿಗೆಯ ಬಳೆ ತೆಗೆಯಲು ಸುತ್ತ ಕೂತಿದ್ದರು. ಅಷ್ಟರಲ್ಲಿ ಅಣ್ಣ ಒಳಗೆ ಬಂದು, ಬಾಗಿಲ ಪಕ್ಕದಲ್ಲಿ ತಾನು ದಿನಾ ಬೀಡಿ ಸೇದುತ್ತಾ ಕೂರುತ್ತಿದ್ದ ಕಲ್ಲಿನ ಮೇಲೆ ಕೂತ. ಒಬ್ಬ ಮುದುಕಿ ಅತ್ತಿಗೆಯ ಕೈ ಬಿಟ್ಟು, “ಬ್ಯಾಡ್ರೇ, ಬ್ಯಾಡಿ. ಕೂತ” ಎಂದಳು. ಅವ್ವ ಅಲ್ಲಿಯವರೆಗೆ ಅತ್ತಿರಲಿಲ್ಲ. ಅವನನ್ನು ನೋಡಿ “ಬಂದ್ಯೇನಪ್ಪಾ” ಎಂದು ಬಾಯಿ ಬಿಟ್ಟು ಅತ್ತಳು.

ಅತ್ತಿಗೆ ದಾಕ್ಷಾಯಣಿ ಅವತ್ತಿನಿಂದ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಕೂತವನ ಹೆಂಡತಿ ಕುಂಕುಮ ಅಳಿಸುವ ಹಾಗಿಲ್ಲ, ಹಬ್ಬಕ್ಕೆ ಹೂವು ಮುಡಿಯುವ ಹಾಗೂ ಇಲ್ಲ. ಎಲ್ಲಕ್ಕಿಂತ ಮೇಲೆ, ಅವಳು ಬೇರೆ ಊರಲ್ಲಿ ಒಂದು ರಾತ್ರಿಯೂ ಮಲಗುವ ಹಾಗಿಲ್ಲ. ಅವಳ ತಮ್ಮ ಕರೆದುಕೊಂಡು ಹೋಗಲು ಎರಡು ಸಲ ಬಂದು, ಕಾಫಿ ಕುಡಿದು, ಅಣ್ಣನ ಕಡೆ ಒಮ್ಮೆ ನೋಡಿ ಒಬ್ಬನೇ ಹೋದ. ಅತ್ತಿಗೆಗೆ ಇನ್ನೂ ಚಿಕ್ಕ ವಯಸ್ಸು. ಅವಳು ಊದುಬತ್ತಿ ಹೊಸೆಯುತ್ತಾ ಅಣ್ಣನ ಎದುರಿಗೆ ಕೂರುತ್ತಿದ್ದಳು. ನೀರಿಗೆ ಬಂದ ಪಕ್ಕದ ಮನೆಯವಳು, “ಏನೇ ದಾಕ್ಷಾಯಣಿ, ಬೈಯಲ್ಲ, ಬಡಿಯಲ್ಲ, ಕುಡಿಯಲ್ಲ, ಇಂಥ ಗಂಡ ಯಾರಿಗೆ ಸಿಗ್ತಾನೆ?” ಎಂದು ನಗಿಸಲು ನೋಡುತ್ತಿದ್ದಳು. ಅತ್ತಿಗೆ ನಗುತ್ತಲೂ ಇದ್ದಳು. ಅದನ್ನು ನೋಡಿದರೆ ನನಗೆ ಇನ್ನೂ ಉರಿಯುತ್ತಿತ್ತು.

ಅವ್ವ ಅಣ್ಣನ ಅಂಗಿ ಬದಲಿಸುವಾಗ ನಾನು ನೋಡಿದೆ. ತಲೆಯ ಮೇಲೆ ಹೊಲಿಗೆ ಇತ್ತು. ಎದೆ, ಹೊಟ್ಟೆ ಎರಡೂ ಹುಟ್ಟಿದಾಗ ಇದ್ದ ಹಾಗೆಯೇ ಇದ್ದವು. ಪಂಚನಾಮೆಗೆ ಬಂದಿದ್ದ ಹೆಡ್ ಕಾನ್‌ಸ್ಟೇಬಲ್ ಚಹಾದ ಅಂಗಡಿಯಲ್ಲಿ ಸಿಕ್ಕಾಗ ಕೇಳಿದೆ. “ಮೂರೂ ತೆಗೀಬೇಕು ಕಣೋ. ತಲೆ, ಎದೆ, ಹೊಟ್ಟೆ. ಕಾರಣ ಕಣ್ಣಿಗೆ ಕಂಡ್ರೂ ಮೂರೂ ತೆಗೀಬೇಕು, ಅದು ಕಾನೂನು” ಎಂದರು. ಆಮೇಲೆ ಲೋಟ ಇಟ್ಟು, “ನಾನು ಹೇಳ್ದೆ ಅನ್ಬೇಡ” ಎಂದೂ ಸೇರಿಸಿದರು.

ಮನೆಗೆ ಬಂದು ಕೂಗಾಡಿದೆ. ಎದೆ ಯಾಕೆ ಬಿಟ್ಟರು, ಹೊಟ್ಟೆ ಯಾಕೆ ಬಿಟ್ಟರು, ಸೋಮಾರಿತನವಾ, ಏನು? ಅತ್ತಿಗೆ ಬತ್ತಿ ಹೊಸೆಯುವುದನ್ನು ನಿಲ್ಲಿಸದೆ ಹೇಳಿದಳು: “ಎದೆ ಯಾಕೆ ಬಿಟ್ರು ಅಂತ ನನಗೆ ಗೊತ್ತು. ಬೀಳೋಕ್ಕೆ ಮುಂಚೆ ನಾಲ್ಕು ದಿನದಿಂದ ಎದೆ ಉಜ್ಕೊಂತಿದ್ರು ನಿಮ್ಮಣ್ಣ. ಗ್ಯಾಸು ಅಂದೆ. ಅತ್ತೇನೂ ಗ್ಯಾಸು ಅಂದ್ರು. ಓಮ ಅಗಿದ್ರು, ಸೋಡ ಕುಡಿದ್ರು, ಹೋಗ್ಲಿಲ್ಲ. ತಡೀಲಾರ್ದೆ ಆಸ್ಪತ್ರೆಗೆ ಕರ್ಕೊಂಡು ಹೋದೆ. ಇದೇ ಡಾಕ್ಟ್ರು. ತಲೆ ಎತ್ತಿ ನೋಡ್ಲಿಲ್ಲ. ಕೈ ಮುಟ್ಟಿಯಾದ್ರೂ ನೋಡಿ ಸಾರ್ ಅಂದೆ. ‘ಮಂಡಕ್ಕಿ ಮೆಣಸಿನಕಾಯಿ ತಿನ್ಕೊಂಡು ಬರ್ತೀರ, ಗ್ಯಾಸಲ್ದೆ ಇನ್ನೇನಮ್ಮ’ ಅಂತ ಮಾತ್ರೆ ಕೊಟ್ಟು ಕಳಿಸಿದ್ರು.”

“ಇದನ್ನ ಇಷ್ಟು ದಿನ ಯಾಕೆ ಹೇಳ್ಲಿಲ್ಲ?”

“ಯಾರು ಕೇಳಿದ್ರು?”

ನಮ್ಮೂರಲ್ಲಿ ಗಂಟಲಿಂದ ಹೊಕ್ಕುಳವರೆಗೆ ಎಲ್ಲಿ ನೋವು ಬಂದರೂ ಇರುವುದು ಒಂದೇ ಹೆಸರು. ಬೆನ್ನು ಹಿಡಿದುಕೊಂಡರೆ ಗ್ಯಾಸು, ಭುಜ ಸೆಳೆದರೆ ಗ್ಯಾಸು, ರಾತ್ರಿ ಎದ್ದು ಬೆವತರೆ ಗ್ಯಾಸು. ಓದಿಲ್ಲದ ನಾವು ಅನ್ನಲಿ. ಅದನ್ನೇ ಅನ್ನುವುದಕ್ಕೆ ಡಾಕ್ಟರು ಅಷ್ಟು ವರ್ಷ ಯಾಕೆ ಓದಬೇಕಿತ್ತು? ಎದೆ ತೆಗೆದರೆ ತಾನು ಅಂದ ಗ್ಯಾಸು ಅಲ್ಲಿ ಇರುವುದಿಲ್ಲ, ಬೇರೆ ಏನೋ ಇರುತ್ತದೆ ಎಂದು ಅವರಿಗೆ ಗೊತ್ತಿತ್ತು. ಅದಕ್ಕೇ ತಲೆಯಲ್ಲಿ ನಿಲ್ಲಿಸಿದರು. ಮಾರನೇ ದಿನ ನಾನು ಅಣ್ಣನ ಕೈ ಹಿಡಿದು ಆಸ್ಪತ್ರೆಗೆ ಹೋದದ್ದು ಅದಕ್ಕೆ. ಅಲ್ಲಿ ನಮಗೆ ಸಿಕ್ಕಿದ್ದು ಆ ಬೈಗುಳ.

ಅಲ್ಲಿಂದ ನೇರ ತಾಲ್ಲೂಕು ಕಚೇರಿಗೆ ಹೋದೆವು. ಮುಖ ನೋಡಿದ ಜವಾನ ನಾಳೆ ಬಾ ಎಂದ. ನಾಳೆ ಹೋದೆವು, ನಾಡಿದ್ದು ಬಾ ಎಂದ. ನಾನು ಲಾರಿ ಶೆಡ್ಡಿನ ಕೆಲಸ ಬಿಟ್ಟು, ಅಣ್ಣನನ್ನು ಕಚೇರಿಯ ಮೆಟ್ಟಿಲ ಮೇಲೆ ಕೂರಿಸಿಕೊಂಡು ಕಾದೆ. ಕಾಯುವುದರಲ್ಲಿ ಅವನೇ ನನಗಿಂತ ವಾಸಿ. ಕೊನೆಗೆ ತಹಶೀಲ್ದಾರ್ ಮೇಡಂ ಇಬ್ಬರನ್ನೂ ಒಳಗೆ ಕರೆಸಿ, ಡಾಕ್ಟರಿಗೂ ಹೇಳಿಕಳಿಸಿದರು. ಮೇಡಂ ಅವರ ಪಕ್ಕದ ಮೇಜಿನಲ್ಲಿ ಗುಮಾಸ್ತ ಒಬ್ಬ ಕೂತಿದ್ದ. ಅವನೂ ಕೂತವನೇ, ಕಚೇರಿಯಲ್ಲೇ ಕುಸಿದು ಸತ್ತವನು. ಅವನ ಮೇಜಿನ ಮೇಲೆ ಎಲ್ಲರೂ ಕಾಫಿ ಲೋಟ ಇಡುತ್ತಿದ್ದರು.

“ಏನಪ್ಪ ನಿನ್ನ ತಕರಾರು?” ಎಂದರು ಮೇಡಂ, ಕಣ್ಣು ಉಜ್ಜಿಕೊಳ್ಳುತ್ತಾ.

“ಮೂರೂ ತೆಗೀಬೇಕಿತ್ತು ಮೇಡಂ. ಒಂದೇ ತೆಗೆದ್ರು.”

“ತಲೆ ಒಡೆದಿತ್ತು ಮೇಡಂ,” ಎಂದರು ಡಾಕ್ಟರು. “ಕಾರಣ ಕಣ್ಣೆದುರಿಗೇ ಇರುವಾಗ ಮಿಕ್ಕಿದ್ದು ಯಾಕೆ ಕುಯ್ಬೇಕು? ಸತ್ತವರ ಮೈಗೆ ಸುಮ್ಸುಮ್ನೆ ಕತ್ತಿ ಹಾಕೋದೂ ತಪ್ಪೇ.”

“ಕಾರಣ ಸರಿ ಇದ್ದಿದ್ರೆ ಇವನು ಯಾಕೆ ವಾಪಸ್ ಬಂದ ಸಾರ್?”

“ಅದು ನನ್ನ ಇಲಾಖೆಗೆ ಬರೋದಿಲ್ಲ.”

ನಾನು ಎದೆ ನೋವಿನ ಮಾತು, ಮಾತ್ರೆಯ ಮಾತು ಎಲ್ಲ ಹೇಳಿದೆ. ಮೇಡಂ ಡಾಕ್ಟರ ಕಡೆ ತಿರುಗಿ, ಬದುಕಿದ್ದಾಗ ಔಷಧಿ ಕೊಟ್ಟವರೇ ಸತ್ತ ಮೇಲೆ ಮೈ ನೋಡಬಾರದು ಎಂದು ಇದೆಯಲ್ಲವೇ ಎಂದು ಕೇಳಿದರು. ಡಾಕ್ಟರು ಮೊದಲ ಸಲ ನೆಲ ನೋಡಿದರು. “ಇದೆ. ಇನ್ನೊಬ್ಬ ಡಾಕ್ಟ್ರನ್ನ ಕೊಡಿ ಅಂತ ಕೇಳಿ ಕೇಳಿ ನನಗೂ ಸಾಕಾಗಿದೆ ಮೇಡಂ. ಬೆಳಿಗ್ಗೆ ಬದುಕಿರೋರು, ಮಧ್ಯಾಹ್ನ ಸತ್ತೋರು, ಸಂಜೆ ಹೆರಿಗೆ. ಎಲ್ಲದಕ್ಕೂ ಇದೊಂದೇ ಕೈ. ಸಾಲಲ್ಲಿ ನಿಂತವರ ಮುಖ ನನಗೆ ನೆನಪಿರೋದಿಲ್ಲ.”

“ಹಾಗಾದ್ರೆ ನಿಮ್ಮ ಜವಾಬ್ದಾರಿ ಯಾರಿಗೆ ಸಾರ್?” ಎಂದೆ. ನನ್ನ ದನಿ ಏರಿತ್ತು. “ಇವನಿಗಾ, ನಮಗಾ?”

“ಸರ್ಕಾರಕ್ಕೆ. ನಾನು ನೋಡೋದು ಸರ್ಕಾರಕ್ಕೋಸ್ಕರ, ಹೇಳೋದು ಸರ್ಕಾರಕ್ಕೆ. ಸತ್ತವನಿಗೂ ನನಗೂ ಸಂಬಂಧ ಇಲ್ಲ, ನಿಮ್ಮ ಮನೆಗೂ ನನಗೂ ಸಂಬಂಧ ಇಲ್ಲ. ಕಾನೂನು ಹಾಗೇ ಇರೋದು.”

“ಸರ್ಕಾರ ಬಂದು ನಮ್ಮನೆ ಬಾಗಿಲಲ್ಲಿ ಕೂತಿಲ್ವಲ್ಲ ಸಾರ್. ಕೂತಿರೋನು ನಮ್ಮಣ್ಣ.”

ಮೇಡಂ ಪಕ್ಕದ ಮೇಜಿನ ಗುಮಾಸ್ತನನ್ನು ನೋಡಿದರು, ಅವನ ಎದುರಿಗಿದ್ದ ಕಾಫಿ ಲೋಟ ತೆಗೆದು ತಮ್ಮ ಕಡೆ ಇಟ್ಟುಕೊಂಡರು. “ಜವಾಬ್ದಾರಿ ಯಾರಿಗೆ ಅನ್ನೋದನ್ನ ಇಲ್ಲಿ ಕೂತು ತೀರ್ಮಾನ ಮಾಡೋಕೆ ನನ್ನ ಕೈಲಿ ಆಗಲ್ಲಪ್ಪ. ದೊಡ್ಡ ಕೋರ್ಟಿನೋರೂ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಆದ್ರೆ ಗಮನ ಇಟ್ಟು ನೋಡ್ಬೇಕು ಅನ್ನೋದು ಮಾತ್ರ ಎಲ್ಲರೂ ಒಪ್ಪಿದ್ದಾರೆ. ಪಕ್ಕದ ತಾಲ್ಲೂಕಿಂದ ಬೇರೆ ಡಾಕ್ಟರು ಬಂದು ನೋಡ್ಲಿ. ಬೇರೆ ಕಾರಣ ಸಿಕ್ಕಿದ್ರೆ, ತಪ್ಪು ಹೇಳಿದವರೇ ಬಂದು ಸರಿಯಾದ್ದು ಹೇಳ್ಬೇಕು.”

ಬಂದವರು ಡಾಕ್ಟರ್ ರೆಹಾನಾ. ಬಸ್ಸಿನಲ್ಲಿ ಬಂದರು, ಕೈಯಲ್ಲಿ ಊಟದ ಡಬ್ಬಿ ಇತ್ತು. ಕೋಣೆಗೆ ಹೋಗುವ ಮುಂಚೆ ಅತ್ತಿಗೆಯ ಎದುರು ಬೆಂಚಿನ ಮೇಲೆ ಕೂತು, “ಎಲ್ಲೆಲ್ಲಿ ತೆಗೀತೀನಿ ಅಂತ ಮೊದಲು ಹೇಳ್ತೀನಮ್ಮ. ತೆಗೆದದ್ದನ್ನೆಲ್ಲ ವಾಪಸ್ ಇಟ್ಟು ಹೊಲೀತೀನಿ. ಏನಾದ್ರೂ ಇಟ್ಕೊಳ್ಳಬೇಕಾಗಿ ಬಂದ್ರೆ ನಿಮ್ಮನ್ನ ಕೇಳದೆ ಇಟ್ಕೊಳ್ಳಲ್ಲ” ಎಂದರು. ಅತ್ತಿಗೆ ತಲೆ ಆಡಿಸಿದಳು. ಹಿಂದಿನ ಸಲ ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ನಾನು ಅಣ್ಣನಿಗೆ “ಮಲಕ್ಕೊ” ಎಂದೆ. ಅವನು ಮಲಗಿದ.

ಬಾಗಿಲು ತೆಗೆಯುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಅವರು ಕೈ ತೊಳೆದುಕೊಂಡು ಬಂದು, ನಮಗೆ ತಿಳಿಯುವ ಹಾಗೆ ನಿಧಾನವಾಗಿ ಹೇಳಿದರು. ಹೃದಯಕ್ಕೆ ರಕ್ತ ಕೊಡುವ ನಾಳ ಕಟ್ಟಿತ್ತು. ಆ ಭಾಗದ ಮಾಂಸ ಬಿದ್ದ ದಿನಕ್ಕಿಂತ ಮುಂಚೆಯೇ ಕೆಡಲು ಶುರುವಾಗಿತ್ತು. ತಲೆಯೊಳಗೆ ಸೋರಿದ್ದ ರಕ್ತ ಬಹಳ ಕಡಿಮೆ. “ಮೊದಲು ಎದೆ. ಬಿದ್ದದ್ದು ಆಮೇಲೆ. ಏಣಿ ಮೇಲೆ ಇದ್ದಾಗ್ಲೇ ಜೀವ ಹೋಗಿತ್ತು ಅನ್ಸುತ್ತೆ.”

“ಗ್ಯಾಸಲ್ವಾ ಮೇಡಂ?” ಎಂದಳು ಅತ್ತಿಗೆ.

“ಅಲ್ಲಮ್ಮ.”

“ಅವತ್ತೇ ಸರಿಯಾಗಿ ನೋಡಿದ್ದಿದ್ರೆ?”

ರೆಹಾನಾ ಮೇಡಂ ಅತ್ತಿಗೆಯ ಪಕ್ಕದಲ್ಲಿ ಕೂತರು. “ಉಳೀತಿದ್ರು ಅಂತ ಹೇಳಲಾರೆ. ಉಳೀತಿರ್ಲಿಲ್ಲ ಅಂತಲೂ ಹೇಳಲಾರೆ. ಮೈ ನೋಡಿದ್ರೆ ಕಾರಣ ಗೊತ್ತಾಗುತ್ತಮ್ಮ, ಮಿಕ್ಕಿದ್ದು ಗೊತ್ತಾಗಲ್ಲ.” ಅವರು ಬಸ್ಸು ಹತ್ತಿ ಹೋದರು. ಅಣ್ಣ ಎದೆಯ ಮೇಲೆ ಹೊಸ ಹೊಲಿಗೆ ಹಾಕಿಸಿಕೊಂಡು ನಮ್ಮ ಜೊತೆ ನಡೆದು ಬಂದು, ಮತ್ತೆ ತನ್ನ ಕಲ್ಲಿನ ಮೇಲೆ ಕೂತ.

ಆಮೇಲಿನ ದಿನಗಳಲ್ಲಿ ನಾನು ಒಂದೇ ಕೆಲಸ ಮಾಡಿದೆ. ಶೆಡ್ಡಿನಲ್ಲಿ ತಗಡು ಬಡಿಯುತ್ತಾ, ಸೋಮಶೇಖರಯ್ಯ ನಮ್ಮ ಮನೆಗೆ ಬಂದಾಗ ಏನೇನು ಹೇಳಬೇಕು, ಹೇಳದಿದ್ದರೆ ನಾನು ಏನೇನು ಕೇಳಬೇಕು ಎಂದು ಮಾತು ಜೋಡಿಸಿದೆ. ನೋವು ಎಂದು ಬಂದವನನ್ನು ಮುಟ್ಟದೆ ಕಳಿಸಿದೆ ಎನ್ನಬೇಕು. ನನ್ನ ತಪ್ಪು ಮುಚ್ಚಲು ಎದೆ ಮುಚ್ಚಿಯೇ ಬಿಟ್ಟೆ ಎನ್ನಬೇಕು. ಆಸ್ಪತ್ರೆಯಲ್ಲಿ ನಕ್ಕವರೆಲ್ಲ ಕೇಳುವ ಹಾಗೆ ಎನ್ನಬೇಕು. ಅಣ್ಣ ಅದನ್ನು ಕೇಳಿಸಿಕೊಂಡೇ ಏಳುತ್ತಾನೆ ಎಂದು ನಾನು ನಂಬಿದ್ದೆ.

ಅವರು ಸ್ಕೂಟರಿನಲ್ಲಿ ಬಂದರು. ಕೇರಿಯವರೆಲ್ಲ ಸೇರಿದ್ದರು. ಚಪ್ಪಲಿ ಹೊರಗೆ ಬಿಟ್ಟು, ತಗ್ಗಿದ ಬಾಗಿಲಿಗೆ ತಲೆ ಬಗ್ಗಿಸಿ ಒಳಗೆ ಬಂದರು. ಅವ್ವ ಮಣೆ ಹಾಕಿದಳು, ಕೂರಲಿಲ್ಲ. ಅಣ್ಣನ ಕಿವಿಗೆ ಬಾಗಿದರು. ದನಿಯಲ್ಲಿ ಏರಿಳಿತ ಇರಲಿಲ್ಲ, ದಿನಾ ನೂರು ಜನಕ್ಕೆ ಮಾತ್ರೆ ಹೇಳುವ ದನಿ ಅದೇ. “ನಾನು ಮೊದಲು ಹೇಳಿದ್ದು ತಪ್ಪು. ಎದೆಯ ನಾಳ ಕಟ್ಟಿತ್ತು. ಅದರಿಂದ ಹೋದೆ. ಬಿದ್ದದ್ದು ಆಮೇಲೆ.”

ಅಷ್ಟೇ. ನಾನು ಮುಂದಿನ ಮಾತಿಗೆ ಕಾದೆ. ಅಣ್ಣ ಕಾಯಲಿಲ್ಲ. ಮೊಣಕಾಲಿಗೆ ಕೈ ಊರಿ, ಬದುಕಿದ್ದಾಗ ಕೆಲಸಕ್ಕೆ ಹೊತ್ತಾಯಿತು ಎಂದು ಏಳುತ್ತಿದ್ದನಲ್ಲ, ಹಾಗೆ ಎದ್ದ. ಅವ್ವ ಅವನ ಬೆನ್ನು ಸವರಿದಳು. ನಮ್ಮಲ್ಲಿ ಮನೆಯಿಂದ ಹೊರಟವರಿಗೆ ಯಾರೂ ‘ಹೋಗು’ ಎನ್ನುವುದಿಲ್ಲ, ‘ಹೋಗಿ ಬಾ’ ಎನ್ನುತ್ತೇವೆ. ಅವ್ವ “ಹೋಗಪ್ಪಾ” ಎಂದಳು. ಅಷ್ಟಕ್ಕೇ ನಿಲ್ಲಿಸಿ ತುಟಿ ಕಚ್ಚಿಕೊಂಡಳು.

ನಾನು ಅವನ ತೋಳು ಹಿಡಿದೆ. “ತಡಿ ಅಣ್ಣ! ಇನ್ನೂ ಹೇಳಿಲ್ಲ. ನಿನ್ನ ವಾಪಸ್ ಕಳಿಸಿದ್ದು ಹೇಳಿಲ್ಲ, ಎದೆ ಬಿಟ್ಟಿದ್ದು ಯಾಕೆ ಅಂತ ಹೇಳಿಲ್ಲ. ಕೂತ್ಕೊ, ಪೂರ್ತಿ ಹೇಳ್ಲಿ.”

“ಓಬಳೇಶ, ಬಿಡು,” ಎಂದಳು ಅತ್ತಿಗೆ.

“ನೀವು ಸುಮ್ನಿರಿ ಅತ್ತಿಗೆ. ಇವರು ಬರೀ ಅರ್ಧ ಹೇಳಿ...”

“ನೀನು ಹಿಡ್ಕೊಂಡ್ರೆ ಅವರು ಕೂತ್ಕೋತಾರೆ.” ಅವಳು ಕೂಗಲಿಲ್ಲ. ಊದುಬತ್ತಿಯ ಕರಿ ಮೆತ್ತಿದ ಕೈಯನ್ನು ನನ್ನ ಕೈಯ ಮೇಲೆ ಇಟ್ಟಳು. “ಇನ್ನೊಂದು ಸಲ ಎದುರಿಗೆ ಕೂರಿಸ್ಕೊಳ್ಳೋಕೆ ನನ್ನ ಕೈಲಿ ಆಗಲ್ಲಪ್ಪ. ನಿನ್ನ ಸಿಟ್ಟಿಗೆ ಅವರನ್ನ ಇಟ್ಕೋಬೇಡ.”

ಅಣ್ಣನ ತೋಳು ನನ್ನ ಮುಷ್ಟಿಯಲ್ಲಿ ತಣ್ಣಗೆ ಇತ್ತು. ಅವನು ಎಳೆಯಲಿಲ್ಲ, ಕೊಸರಲಿಲ್ಲ. ಹಿಡಿದೇ ಇದ್ದಿದ್ದರೆ ಮತ್ತೆ ಕೂತುಬಿಡುತ್ತಿದ್ದ. ಬಿಟ್ಟೆ. ಅವನು ಹೊಸ್ತಿಲು ದಾಟಿ, ಜನರ ಮಧ್ಯೆ ದಾರಿ ಮಾಡಿಕೊಂಡು, ಯಾರ ಮುಖವನ್ನೂ ನೋಡದೆ ಹೋದ. ಒಳಗೆ ಅತ್ತಿಗೆ ಯಾರನ್ನೂ ಕರೆಯದೆ ಬಳೆಗಳನ್ನು ತಾನೇ ಒಂದೊಂದಾಗಿ ಕಳಚಿ ಕಿಟಕಿಯಲ್ಲಿ ಇಡುತ್ತಿದ್ದಳು.

ಡಾಕ್ಟರು ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡರು. ಸ್ಕೂಟರಿನ ಹತ್ತಿರ ಹೋದವರು ತಿರುಗಿ ನಿಂತರು. ಹತ್ತಿರದಿಂದ ನೋಡಿದರೆ ಅವರ ಕಣ್ಣ ಕೆಳಗೆ ಕಪ್ಪು ಇಳಿದಿತ್ತು. “ಅವನಿಗೆ ಅಷ್ಟು ಸಾಕಾಯ್ತು,” ಎಂದರು. ಈ ಸಲ ದನಿಯಲ್ಲಿ ಕೊಂಕು ಇರಲಿಲ್ಲ, ನಿಜಕ್ಕೂ ಕೇಳುತ್ತಿದ್ದರು. “ನಿನಗಿನ್ನೇನು ಬೇಕಪ್ಪಾ?”

ಇಡೀ ಕೇರಿ ನನ್ನ ಮುಖ ನೋಡುತ್ತಿತ್ತು. ಜೋಡಿಸಿಟ್ಟ ಮಾತು ಒಂದೂ ಮರೆತಿರಲಿಲ್ಲ. ತಿರುವಿನಲ್ಲಿ ಅಣ್ಣನ ಬಿಳಿ ಅಂಗಿಯ ಬೆನ್ನು ಕಾಣುತ್ತಿತ್ತು, ಆಮೇಲೆ ಕಾಣಲಿಲ್ಲ. ನಾನು ಜಗಲಿ ಇಳಿದು, ಅವನು ಹೋದ ಕಡೆಗೆ ಬೆನ್ನು ಹಾಕಿ, ಶೆಡ್ಡಿನ ದಾರಿ ಹಿಡಿದೆ. ಡಾಕ್ಟರು ಹಿಂದಿನಿಂದ ಇನ್ನೊಮ್ಮೆ ಕೇಳಿದರು. ನಾನು ನಡೆಯುತ್ತಲೇ ಇದ್ದೆ.